ಮಾರ್ಕೆಟ್ ಬಸ್ಸಿನಲ್ಲಿ ಒಂದು ಮೊಳ ಹೂವು

ಇವತ್ತು ಬೆಳಗ್ಗೆ ಮಾರ್ಕೆಟ್‌ನಿಂದ ಬನಶಂಕರಿಗೆ ಬಸ್ ಹತ್ತಿದೆ. ಸೀಟಿಲ್ಲ, ಬ್ಯಾಗ್ ಬೇರೆ ಭಾರ. ಕೂತಿದ್ದ ಕಾಲೇಜು ಹುಡುಗಿ ಕೇಳದೆಯೇ ಕೈ ಚಾಚಿ ಅದನ್ನು ತೊಡೆ ಮೇಲೆ ಇಟ್ಟುಕೊಂಡಳು. ನಮ್ಮ ಬಸ್ಸುಗಳಲ್ಲಿ ಈ ಅಭ್ಯಾಸ ಇನ್ನೂ ಉಳಿದಿದೆ ಅನ್ನೋದೇ ನನಗೆ ಎಷ್ಟು ಖುಷಿ ಗೊತ್ತಾ!

ಅವಳ ಪಕ್ಕ ಕಿಟಕಿ ಹತ್ತಿರ ಒಬ್ಬ ಅಜ್ಜಿ. ಮಡಿಲಲ್ಲಿ ಬಿಡಿ ಮಲ್ಲಿಗೆ, ಕಾಲ ಹತ್ತಿರ ಬುಟ್ಟಿ. ಬಸ್ ಎಷ್ಟು ಕುಲುಕಿದರೂ ಬೆರಳು ನಿಲ್ಲಲ್ಲ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರು ಒಂದು ಸುತ್ತು, ಒಂದು ಗಂಟು, ಮತ್ತೆ ಎರಡು ಮೊಗ್ಗು. ನೋಡುತ್ತಾ ನಿಂತವಳಿಗೆ ಲಾಲ್‌ಬಾಗ್ ದಾಟಿದ್ದೂ ಗೊತ್ತಾಗಲಿಲ್ಲ.

ಕಂಡಕ್ಟರ್ ಬಂದು ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೊಟ್ಟರು. 2023ರ ಜೂನ್‌ನಿಂದ ಈ ಫ್ರೀ ಟಿಕೆಟ್ ಇದೆ. "ಉಳಿದ ದುಡ್ಡಲ್ಲಿ ಮೊಮ್ಮಗಳಿಗೆ ಬನ್ನು ತಗೊಂಡು ಹೋಗ್ತೀನಿ" ಅಂದರು ಅಜ್ಜಿ, ಟಿಕೆಟನ್ನು ಜೋಪಾನವಾಗಿ ಸೆರಗಿಗೆ ಗಂಟು ಹಾಕುತ್ತಾ.

ಇಳಿಯುವಾಗ ಒಂದು ಮೊಳ ಕಿತ್ತು ಕೈಗಿಟ್ಟರು. ದುಡ್ಡು ಕೊಡಲು ಹೋದರೆ, "ಸುಮ್ನೆ ಮುಡ್ಕೋ ಮಗಳೇ" ಅಂದರು. ಹುಡುಗಿಗೂ ಅರ್ಧ ಕೊಟ್ಟೆ.

ಸಂಜೆ ಆಯಿತು, ಇನ್ನೂ ಘಮ ಇದೆ.