ಬಾವಿಗೆ ಮಗ್ಗುಲ ಈಜೇ ಸೈ

ಬೇಸಿಗೆ ಬಂತಂದ್ರೆ ಕಲಬುರಗಿ ಸುತ್ತಲಿನ ತೋಟದ ಬಾವಿಗಳಲ್ಲಿ ಹುಡುಗರದ್ದೇ ಗದ್ದಲ. ಈಗೀಗ ಎಲ್ಲರಿಗೂ ಮೊಬೈಲಿನಲ್ಲಿ ನೋಡಿದ ಕ್ರಾಲ್ ಹೊಡೆಯುವ ಹುಚ್ಚು. ಮುಖ ನೀರೊಳಗೆ, ಕೈ ಬಡಬಡ. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಎದುರಿನ ಕಲ್ಲಿಗೆ ಬೆರಳು ಬಡಿಯುತ್ತದೆ, ಮೇಲಿಂದ ಯಾರು ಧುಮುಕುತ್ತಿದ್ದಾರೆ ಅನ್ನೋದೂ ಕಾಣಲ್ಲ. ಐವತ್ತು ಮೀಟರ್ ಕೊಳಕ್ಕೆ ಸರಿ, ಬಾವಿಗೆ ಯಾಕೆ ಬೇಕು ಹೇಳಿ?

ನಮ್ಮ ಮುತ್ಯಾ ಮಗ್ಗುಲಾಗಿಯೇ ಈಜುತ್ತಿದ್ದರು. ಭೀಮಾ ದಾಟುವಾಗ ಬಟ್ಟೆ ಗಂಟನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲೇ ನೀರು ಎಳೆಯುತ್ತಾ ಹೋಗುತ್ತಿದ್ದರಂತೆ.

ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ಪಂದ್ಯಗಳನ್ನೂ ಹೀಗೇ ಈಜುತ್ತಿದ್ದರು. ಇದಕ್ಕೆ ಸೈಡ್‌ಸ್ಟ್ರೋಕ್ ಅಂತಾರೆ. ಆಮೇಲೆ ವೇಗಕ್ಕಾಗಿ ಮೇಲಿನ ಕೈಯನ್ನು ನೀರಿನಿಂದ ಹೊರಗೆತ್ತಿ ಮುಂದೆ ಹಾಕತೊಡಗಿದರು. 1844ರಲ್ಲಿ ಉತ್ತರ ಅಮೆರಿಕದ ಇಬ್ಬರು ಮೂಲನಿವಾಸಿಗಳು ಲಂಡನ್ನಿನಲ್ಲಿ ಎರಡೂ ಕೈ ಬೀಸಿ ಜೋರಾಗಿ ಈಜಿ ತೋರಿಸಿದ್ದರು, ಆದರೆ ಅಲ್ಲಿಯವರು ಇದೇನು ನೀರೆರಚಾಟ ಅಂತ ಮೂಗು ಮುರಿದರು. ಅದೇ ಬಗೆಯ ಕೈಬೀಸನ್ನು ಜಾನ್ ಟ್ರಜನ್ ಅನ್ನೋ ಇಂಗ್ಲಿಷಿನವನು ದಕ್ಷಿಣ ಅಮೆರಿಕದ ಮೂಲನಿವಾಸಿಗಳಿಂದ ಕಲಿತು ಬಂದು 1873ರಲ್ಲಿ ಪಂದ್ಯ ಗೆದ್ದಾಗ ಮಾತ್ರ ಅದು ದೊಡ್ಡ ಸುದ್ದಿಯಾಯಿತು, ಹೆಸರೂ ಅವನದ್ದೇ ಆಯಿತು. ಇರಲಿ. ಟ್ರಜನ್ ಈಜಿನಲ್ಲಿ ಕೈ ಎರಡು ಸಲ ಬೀಸಿದರೆ ಕಾಲು ಒಂದು ಸಲ ಕತ್ತರಿ, ಅಂದ್ರೆ ಕತ್ತರಿಯ ಹಾಗೆ ಕಾಲು ಅಗಲಿಸಿ ಕೂಡಿಸೋದು. 20ನೇ ಶತಮಾನದ ಶುರುವಿನಲ್ಲಿ ಆಸ್ಟ್ರೇಲಿಯಾ ಕಡೆಯಿಂದ ಬಂದ ಕ್ರಾಲ್, ಕತ್ತರಿ ಬಿಟ್ಟು ಕಾಲನ್ನು ಮೇಲೆ ಕೆಳಗೆ ಬಡಿಯುವುದನ್ನು ತಂದಿತು. ಅಲ್ಲಿಗೆ ಹಳೆಯದೆಲ್ಲ ಪಂದ್ಯದಿಂದ ಹೊರಗೆ.

ಪಂದ್ಯದಿಂದ ಮಾತ್ರ. ಮುಳುಗುವವರನ್ನು ಎಳೆದು ತರಲು ಇಂದಿಗೂ ಈ ಮಗ್ಗುಲ ಈಜನ್ನೇ ಕಲಿಸುತ್ತಾರೆ, ಒಂದು ಕೈ ಖಾಲಿ ಸಿಗುತ್ತದಲ್ವಾ?

ಈಗ ಮಾಡೋದು ಹೇಗೆ ನೋಡಿ. ಎಡ ಮಗ್ಗುಲಾಗಿ ಮಲಗಿ. ಎಡ ಕಿವಿ ನೀರಲ್ಲಿ, ಮೂಗು ಬಾಯಿ ಹೊರಗೆ. ಎಡಗೈ ತಲೆಯ ಮುಂದೆ ಚಾಚಿರಲಿ, ಬಲಗೈ ತೊಡೆಯ ಮೇಲೆ. ಎಡಗೈಯಿಂದ ನೀರನ್ನು ಎದೆಯ ತನಕ ಎಳೆಯಿರಿ, ಅಷ್ಟರಲ್ಲಿ ಬಲಗೈ ಮೈಗೆ ಅಂಟಿಕೊಂಡೇ ಮೇಲೆ ಬಂದು ಎದೆ ಹತ್ತಿರ ಅದನ್ನು ಕೂಡಬೇಕು, ಮೊಣಕಾಲೂ ಮಡಚಬೇಕು. ಮರದಿಂದ ಸೀತಾಫಲ ಕಿತ್ತು, ಇನ್ನೊಂದು ಕೈಗೆ ಕೊಟ್ಟು, ಆ ಕೈಯಿಂದ ಕೆಳಗಿನ ಬುಟ್ಟಿಗೆ ಹಾಕಿದ ಹಾಗೆ. ಬಲಗೈ ನೀರನ್ನು ತೊಡೆಯ ಕಡೆಗೆ ತಳ್ಳುವಾಗಲೇ ಎಡಗೈ ಮತ್ತೆ ಮುಂದಕ್ಕೆ.

ನಿಜವಾದ ಜೋರು ಇರೋದು ಕಾಲಲ್ಲಿ. ಮೇಲಿನ ಕಾಲು ಮುಂದೆ, ಕೆಳಗಿನದು ಹಿಂದೆ, ಅಗಲಿಸಿ ಫಟ್ಟನೆ ಕೂಡಿಸಬೇಕು. ಕೂಡಿದ ಮೇಲೆ ಒಂದರ ಮೇಲೊಂದು ದಾಟಬಾರದು. ಆಮೇಲೆ ಸುಮ್ನೆ ಇರಿ, ಮೈ ತಾನಾಗಿ ಜಾರುತ್ತದೆ. ಜಾಸ್ತಿ ಜನ ಕೆಡಿಸೋದು ಇಲ್ಲೇ: ಜಾರುವುದು ಮುಗಿಯುವ ಮುಂಚೆಯೇ ಮತ್ತೆ ಕೈ ಎಳೆಯುತ್ತಾರೆ, ಬೇಗ ದಣಿಯುತ್ತಾರೆ.

ಕತ್ತರಿ ಕೂಡಿ ಬರದಿದ್ದರೆ ಬಾವಿಯ ಮೆಟ್ಟಿಲು ಹಿಡಿದು ಬರೀ ಕಾಲು ಮಾಡಿ, ದಂಡೆ ಮೇಲೆ ಈಜು ಬಲ್ಲವರೊಬ್ಬರು ಇರಲಿ. ಎಡ ಮಗ್ಗುಲು ಕೂಡದಿದ್ದರೆ ಬಲ ಮಗ್ಗುಲು ನೋಡಿ, ಎಲ್ಲರಿಗೂ ಒಂದು ಕಡೆ ಸಲೀಸು ಇದ್ದೇ ಇರುತ್ತದೆ.