ಬ್ಯಾಟರಿ ಬದಲಿಸುವ ಮುಂಚೆ ಮೀಟರ್ ಹಿಡಿಯಬೇಕಿತ್ತು

ಹಳೇ ಕಾರುಗಳ ವೈರಿಂಗ್ ನನ್ನ ಕೆಲಸ. ನಮ್ಮ ಗ್ಯಾರೇಜಿಗೆ 1972ರ ಎಂಜಿಬಿ ಒಂದು ಬರುತ್ತದೆ. ಇಬ್ಬರು ಕೂರುವ, ಟಾಪ್ ಮಡಚುವ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಮಾಲೀಕರು ವರ್ಷದಲ್ಲಿ ಎಂಟು ತಿಂಗಳು ಹೊರದೇಶದಲ್ಲಿರುತ್ತಾರೆ. ಕಾರು ಬೆಂಗಳೂರಿನ ಮನೆಯ ಶೆಡ್ಡಿನಲ್ಲಿ ನಿಂತಿರುತ್ತದೆ.

ಒಂದೇ ವರ್ಷದಲ್ಲಿ ಅದಕ್ಕೆ ಎರಡು ಬ್ಯಾಟರಿ ಹಾಕಿಸಿದೆ. ಎರಡು ಸಲವೂ "ಬ್ಯಾಟರಿ ಹೋಗಿದೆ ಸರ್" ಅಂದವನು ನಾನೇ. ಹೋಗಿದ್ದು ನಿಜ. ಯಾಕೆ ಹೋಯಿತು ಅಂತ ನೋಡಲಿಲ್ಲ, ಅದು ನನ್ನ ತಪ್ಪು.

ಮೂರನೇ ಸಲ ಡ್ರೈವರ್ ಬೇಜಾರಿನಿಂದ ಹೇಳಿದ: "ಅಣ್ಣ, ನೀವು ಹೇಳಿದ ಹಾಗೇ ಪ್ರತಿ ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡ್ತಿದ್ದೀನಿ. ಆದ್ರೂ ಹಿಂಗಾಯ್ತು."

ಅವತ್ತು ಸೀಟಿನ ಹಿಂದಿನ ಮುಚ್ಚಳ ತೆಗೆದೆ. ಈ ಕಾರಿನಲ್ಲಿ ಬ್ಯಾಟರಿ ಇರುವುದು ಅಲ್ಲೇ. ಕಣ್ಣಿಗೆ ಬೀಳದ ಜಾಗ, ಹಾಗಾಗಿ ಯಾರೂ ಬಗ್ಗಿ ನೋಡುವುದಿಲ್ಲ. ಮೊದಲು ಬ್ಯಾಟರಿ ಚಾರ್ಜ್ ಮಾಡಿಕೊಂಡೆ. ಆಮೇಲೆ ಕೀ ತೆಗೆದು, ಬಾಗಿಲು ಹಾಕಿ, ಅರ್ತ್ ಕೇಬಲ್ (ಬ್ಯಾಟರಿಯಿಂದ ಕಾರಿನ ಲೋಹಕ್ಕೆ ಹೋಗುವುದು) ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಸೇರಿಸಿದೆ, 10 ಆಂಪ್ ರೇಂಜಿನಲ್ಲಿ. (ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಬೇಡಿ, ಅದರ ಫ್ಯೂಸ್ ಹೋಗುತ್ತದೆ.) ಎಲ್ಲ ಆಫ್ ಇದ್ದರೂ 0.18 ಆಂಪ್ ಹರಿಯುತ್ತಿತ್ತು.

ಸಣ್ಣ ಸಂಖ್ಯೆ ಅಂತ ಅನಿಸುತ್ತೆ ಅಲ್ವಾ? ಲೆಕ್ಕ ಹಾಕಿ. ವಾರಕ್ಕೆ ಸುಮಾರು 30 ಆಂಪ್-ಅವರ್ (ಆಂಪ್ ಗುಣಿಸು ಗಂಟೆ) ಸೋರಿಹೋಗುತ್ತದೆ. ಬ್ಯಾಟರಿಯೇ 45ರದ್ದು. ಹತ್ತು ನಿಮಿಷ ಐಡಲಿನಲ್ಲಿ ಓಡಿಸಿದರೆ, 10 ಆಂಪ್ ಬರುತ್ತದೆ ಅಂದುಕೊಂಡರೂ, ವಾಪಸ್ ಸೇರುವುದು 2ಕ್ಕಿಂತ ಕಡಿಮೆ. ಹೀಗೆ ಅರೆಬರೆ ಖಾಲಿಯಾಗಿ ನಿಂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಹಾಗೆ ಹಿಡಿಯುವುದಿಲ್ಲ.

ಈ ಕಾರಿನ ಫ್ಯೂಸ್ ಬಾಕ್ಸಿನಲ್ಲಿ ಇರುವುದೇ ನಾಲ್ಕು ಫ್ಯೂಸ್. ಒಂದೊಂದಾಗಿ ಕಿತ್ತೆ. ಮೀಟರ್ ಇಳಿಯಲಿಲ್ಲ. ಅಂದರೆ ಫ್ಯೂಸ್ ಬಾಕ್ಸ್ ದಾಟದೆ ಯಾರೋ ಲೈನ್ ಎಳೆದಿದ್ದಾರೆ. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಕಂದು ವೈರಿಗೆ ಯಾವಾಗಲೂ ಕರೆಂಟ್ ಇರುತ್ತದೆ, ಫ್ಯೂಸ್ ಇರುವುದಿಲ್ಲ. ಡ್ಯಾಶ್ ಕೆಳಗೆ ಮಲಗಿ ಅದನ್ನೇ ಹಿಡಿದುಕೊಂಡು ಹೋದೆ. ಒಂದು ಕಡೆ ಕೆಂಪು ವೈರ್ ಸುತ್ತಿ ಟೇಪ್ ಅಂಟಿಸಿದ್ದರು. ಟೇಪ್ ಸೆಕೆಗೆ ಜಿಗುಟಾಗಿ ಬೆರಳಿಗೆ ಅಂಟಿತು. ಆ ವೈರ್ ಹೋಗಿದ್ದು ಡಿಕ್ಕಿಯ ಆಂಪ್ಲಿಫೈಯರಿಗೆ. ಮುಟ್ಟಿ ನೋಡಿದರೆ ಸ್ವಲ್ಪ ಬೆಚ್ಚಗಿತ್ತು. ಮ್ಯೂಸಿಕ್ ಸಿಸ್ಟಮ್ ಹಾಕಿದವರು ಅದನ್ನು ಆಫ್ ಆಗದ ಹಾಗೆ ಜೋಡಿಸಿದ್ದರು.

ಆ ಲೈನನ್ನು ಕೀ ಸ್ವಿಚ್ ಮೂಲಕ, ಫ್ಯೂಸ್ ಹಾಕಿ ಕೊಟ್ಟೆ. ಅರ್ತ್ ಕೇಬಲ್ಲಿಗೆ ಕಟ್-ಆಫ್ ಸ್ವಿಚ್ ಕೂರಿಸಿದೆ. ಶೆಡ್ಡಿನಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಇದ್ದಿದ್ದರೆ, ಫುಲ್ ಆದ ಮೇಲೆ ತಾನೇ ಕರೆಂಟ್ ಇಳಿಸಿಕೊಳ್ಳುವ ಚಾರ್ಜರ್ ಹಾಕುತ್ತಿದ್ದೆ. ಹಳೇ ಮಾದರಿ ಚಾರ್ಜರ್ ತಿಂಗಳುಗಟ್ಟಲೆ ಬಿಟ್ಟರೆ ಬ್ಯಾಟರಿ ನೀರು ಒಣಗಿಸುತ್ತದೆ. ಡ್ರೈವರಿಗೆ ಭಾನುವಾರದ ಸ್ಟಾರ್ಟ್ ನಿಲ್ಲಿಸಲು ಹೇಳಿದೆ. ಬದಲಿಗೆ ತಿಂಗಳಿಗೊಮ್ಮೆ ವೋಲ್ಟೇಜ್ ನೋಡಬೇಕು, 12.4ಕ್ಕಿಂತ ಕೆಳಗಿದ್ದರೆ ಬಿಚ್ಚಿ ಚಾರ್ಜಿಗೆ ತರಬೇಕು.

ಇನ್ನೊಂದು ಮಾತು. 1967ಕ್ಕೆ ಮುಂಚಿನ ಎಂಜಿಬಿ ನಿಮ್ಮ ಕೈಗೆ ಬಂದರೆ "ಮೈನಸ್ ಮೊದಲು ಬಿಚ್ಚು" ಅನ್ನುವ ರೂಢಿಯನ್ನು ಸುಮ್ನೆ ಪಾಲಿಸಬೇಡಿ. ಅವುಗಳಲ್ಲಿ ಅರ್ತ್ ಆಗಿರುವುದು ಪ್ಲಸ್. ಕಾರಿನ ಲೋಹಕ್ಕೆ ಬೋಲ್ಟ್ ಆಗಿರುವ ಕೇಬಲ್ ಯಾವುದೋ ನೋಡಿ, ಅದಕ್ಕೇ ಮೊದಲು ಸ್ಪ್ಯಾನರ್ ಹಾಕಿ.