ವಿಂಡೋದಲ್ಲಿ ಇಲ್ಲ, ಲಾಗ್‌ನಲ್ಲಿ ಇದೆ

20 ಜೂನ್ 2024, ಗುರುವಾರ

ಬೆಳಿಗ್ಗೆ ಬಂದು ಕುಳಿತುಕೊಳ್ಳುವಷ್ಟರಲ್ಲಿ ಆಡಿಟರ್ ಅವರ ಮಿಂಚಂಚೆ ಕಾದಿತ್ತು. “ಫೈಲ್ ಸರ್ವರ್‌ನಲ್ಲಿ ಯಾವ ಆಡಿಟ್ ಕೂಡ ಚಾಲ್ತಿಯಲ್ಲಿಲ್ಲ.” ಅಂದರೆ ಎಲ್ಲರ ಕಡತಗಳಿರುವ ವಿಂಡೋಸ್ ಸರ್ವರ್‌ನಲ್ಲಿ ಯಾರು ಏನು ಮಾಡಿದರು ಎಂಬುದು ದಾಖಲಾಗುತ್ತಿಲ್ಲ ಎಂದು ದೂರು. ಪುರಾವೆಗೆ ಸ್ಕ್ರೀನ್‌ಶಾಟ್: ಆ ಸರ್ವರ್‌ನ ಭದ್ರತಾ ಸೆಟ್ಟಿಂಗ್‌ಗಳ ವಿಂಡೋ, ಲೋಕಲ್ ಸೆಕ್ಯುರಿಟಿ ಪಾಲಿಸಿ, ತೆರೆದಿದೆ, ಆಡಿಟ್ ಪಾಲಿಸಿಯ ಒಂಬತ್ತೂ ಸಾಲುಗಳ ಮುಂದೆ ‘ನೋ ಆಡಿಟಿಂಗ್’.

ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದರೆ ಸೆಕ್ಯುರಿಟಿ ಲಾಗ್ ತುಂಬಿ ತುಳುಕುತ್ತಿತ್ತು. ಲಾಗಿನ್ ಆದವರೆಲ್ಲ 4624 ಸಂಖ್ಯೆಯ ನಮೂದುಗಳಲ್ಲಿ, ಪಾಸ್‌ವರ್ಡ್ ತಪ್ಪಿದವರೆಲ್ಲ 4625ರಲ್ಲಿ. ಆಡಿಟ್ ನಿಂತಿದ್ದರೆ ಇವನ್ನೆಲ್ಲ ಬರೆದವರು ಯಾರು?

ಹೊಸದಾಗಿ ಸೇರಿದ ಹುಡುಗ ಪಕ್ಕದಲ್ಲಿ ನಿಂತು, “ಸರ್, ಒಂಬತ್ತಕ್ಕೂ ಟಿಕ್ ಹಾಕಿಬಿಡಲೇ?” ಎಂದ. ಬೇಡ ಎಂದೆ. ಹಾಕಿದ್ದರೆ ಸ್ಕ್ರೀನ್‌ಶಾಟ್ ಚೆಂದವಾಗುತ್ತಿತ್ತು, ಅಷ್ಟೇ.

ಆ ಒಂಬತ್ತು ಸಾಲುಗಳು ಹಳೆಯ ಕಾಲದವು. ವಿಂಡೋಸ್ ವಿಸ್ಟಾ ಮತ್ತು ಸರ್ವರ್ 2008ರಿಂದ ಪ್ರತಿ ವಿಭಾಗವೂ ಉಪವಿಭಾಗಗಳಾಗಿ ಒಡೆದಿದೆ. ಲಾಗಿನ್, ಲಾಗ್‌ಆಫ್, ಖಾತೆ ಲಾಕ್ ಆಗುವುದು, ಎಲ್ಲವನ್ನೂ ಬೇರೆ ಬೇರೆಯಾಗಿ ಚಾಲೂ ಮಾಡಬಹುದು, ನಿಲ್ಲಿಸಬಹುದು. ನಮ್ಮಲ್ಲಿ ಡೊಮೇನ್‌ನ ಗ್ರೂಪ್ ಪಾಲಿಸಿ, ಅಂದರೆ ಜಾಲದ ಯಂತ್ರಗಳಿಗೆಲ್ಲ ಒಂದೇ ಕಡೆಯಿಂದ ಇಳಿಯುವ ಸೆಟ್ಟಿಂಗ್, ಈ ಉಪವಿಭಾಗಗಳನ್ನೇ ಹಿಡಿದು ನಡೆಸುತ್ತದೆ. ಹಳೆಯ ಒಂಬತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂಬ ಆಯ್ಕೆಯೂ ಅದರಲ್ಲಿ ಚಾಲ್ತಿಯಲ್ಲಿದೆ. ಆದರೂ ಆ ಹಳೆಯ ಪುಟ ಮಾತ್ರ ತನ್ನ ಹಳೆಯ ಲೆಕ್ಕವನ್ನೇ ಒಪ್ಪಿಸುತ್ತದೆ. ಒಂದೊಂದು ಸಾಲನ್ನೂ ತೆರೆದರೆ ಒಳಗೆ ಎಚ್ಚರಿಕೆ ಇದೆ; ತೆಗೆಯಲಾಗದಿದ್ದರೆ ಅದನ್ನು ಪಟ್ಟಿಯ ಪಕ್ಕದಲ್ಲಾದರೂ ಬರೆಯಬಾರದಿತ್ತೇ ಎಂದು ಪ್ರತಿ ಬಾರಿಯೂ ಬೈದುಕೊಳ್ಳುತ್ತೇನೆ.

ನಿಜಸ್ಥಿತಿ ಹೇಳುವುದು ಆಡಿಟ್‌ಪೋಲ್ ಎಂಬ ಕಮಾಂಡ್. ಹುಡುಗನ ಕೈಯಲ್ಲೇ ಅದನ್ನು ಓಡಿಸಿದೆ. ಮೊದಲ ಸಲ ಅಗತ್ಯವಾದ ಹಕ್ಕು ಇಲ್ಲ ಎಂದು ತಳ್ಳಿಬಿಟ್ಟಿತು. ಅಡ್ಮಿನಿಸ್ಟ್ರೇಟರ್ ಹಕ್ಕಿರುವ ನಮ್ಮ ಖಾತೆಯಲ್ಲಿ ಲಾಗಿನ್ ಆಗಿದ್ದರೂ ಕಮಾಂಡ್ ಪ್ರಾಂಪ್ಟನ್ನು ಬೇರೆಯಾಗಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದೇ ತೆರೆಯಬೇಕು. ಎರಡನೆಯ ಸಲ ಪೂರ್ತಿ ಪಟ್ಟಿ ಬಂತು. ಲಾಗಿನ್ ಮುಂದೆ ‘ಸಕ್ಸೆಸ್ ಆ್ಯಂಡ್ ಫೇಲ್ಯೂರ್’.

ಗೆದ್ದೆವೆಂದುಕೊಂಡು ಉತ್ತರ ಬರೆಯಲು ಕುಳಿತೆ. ಹುಡುಗ ಇನ್ನೂ ಪಟ್ಟಿ ಓದುತ್ತಿದ್ದ. “ಸರ್, ಫೈಲ್ ಸಿಸ್ಟಮ್ ಎದುರು ನೋ ಆಡಿಟಿಂಗ್ ಎಂದೇ ಇದೆಯಲ್ಲ?”

ಇತ್ತು. ಯಾರು ಯಾವ ಕಡತವನ್ನು ಅಳಿಸಿದರು ಎಂದು ತಿಳಿಯಬೇಕಾದ ಸರ್ವರ್‌ನಲ್ಲಿ ಆ ಒಂದು ಉಪವಿಭಾಗವೇ ಪಾಲಿಸಿಯಿಂದ ಬಿಟ್ಟುಹೋಗಿತ್ತು. ಮುಖ್ಯ ಫೋಲ್ಡರ್‌ಗಳ ಆಡಿಟಿಂಗ್ ಟ್ಯಾಬ್‌ನಲ್ಲಿ, ಯಾರ ಯಾವ ಕೆಲಸವನ್ನು ದಾಖಲಿಸಬೇಕು ಎಂಬ ನಮೂದುಗಳನ್ನೆಲ್ಲ ಹಾಕಿದ್ದವನು ನಾನೇ. ಆದರೆ ಉಪವಿಭಾಗ ಚಾಲ್ತಿಯಲ್ಲಿಲ್ಲದ್ದರಿಂದ ಅವು ಸುಮ್ಮನೆ ಕುಳಿತಿದ್ದವು.

ಪಾಲಿಸಿಗೆ ಸೇರಿಸಿದೆ. ಹಾಗೆಯೇ ಬಿಟ್ಟರೆ ಅದು ಸರ್ವರ್‌ಗೆ ಇಳಿಯಲು 90 ನಿಮಿಷ, ಮೇಲೆ 30 ನಿಮಿಷದವರೆಗೆ ಏರುಪೇರು. ಕಾಯದೆ, ಪಾಲಿಸಿಯನ್ನು ಕೂಡಲೇ ಇಳಿಸುವ ಜಿಪಿಅಪ್‌ಡೇಟ್ ಕಮಾಂಡ್ ಓಡಿಸಿದೆ. ಪರೀಕ್ಷೆಗೊಂದು ಖಾಲಿ ಕಡತ ಮಾಡಿ ಅಳಿಸಿದೆ. ಲಾಗ್‌ನಲ್ಲಿ ಕಡತವನ್ನು ಮುಟ್ಟಿದ್ದನ್ನು ಹೇಳುವ 4663 ಬಂತು, ಅದರಲ್ಲಿ ನನ್ನದೇ ಹೆಸರು.

ಆಡಿಟರ್‌ಗೆ ಬರೆದಿಟ್ಟ ಉತ್ತರದ ಮೊದಲ ಸಾಲು “ನಿಮ್ಮ ವರದಿ ತಪ್ಪು” ಎಂದಿತ್ತು. ಅದನ್ನೂ ಅಳಿಸಿದೆ.